ಚೆಂಡಿಗೆ ಕಣ್ಣಿಲ್ಲ

ಹೇಗೂ ಫೋನ್ ಕೈಯಲ್ಲೇ ಇದೆ. ಈ ಅಂಕಣ ಓದಿ ಮುಗಿಸಿದ ಮೇಲೆ ಯೂಟ್ಯೂಬ್‌ನಲ್ಲಿ ಚೋಯಿ ಹೋ-ಸಂಗ್ ಅಂತ ಒಂದು ಹೆಸರು ಹುಡುಕಿ ನೋಡಿ. ದಕ್ಷಿಣ ಕೊರಿಯಾದ ಗಾಲ್ಫ್ ಆಟಗಾರ. ಚೆಂಡಿಗೆ ಹೊಡೆದ ಮರುಕ್ಷಣ ಅವರ ಒಂದು ಕಾಲು ಗಾಳಿಗೆ ಏಳುತ್ತೆ, ಮೈ ಬುಗುರಿ ಥರ ತಿರುಗುತ್ತೆ, ಕ್ಲಬ್ಬು ಕೆರೆಗೆ ಗಾಳ ಬೀಸಿದ ಹಾಗೆ ತಲೆ ಮೇಲೆ ಸುತ್ತುತ್ತೆ. ಅದಕ್ಕೇ ಜನ ಅದನ್ನ 'ಫಿಶರ್‌ಮನ್ ಸ್ವಿಂಗ್' ಅಂತ ಕರೆದರು.

2018ರಲ್ಲಿ ಕೊರಿಯಾ ಓಪನ್ ಆಡುವಾಗ ಅವರ ವಿಡಿಯೊಗಳು ಲೋಕವೆಲ್ಲ ಸುತ್ತಿದವು. ನೋಡಿದವರಲ್ಲಿ ನಕ್ಕವರೇ ಹೆಚ್ಚು. ಅದೇ ವರ್ಷದ ಕೊನೆಗೆ ಅದೇ ಮನುಷ್ಯ ಜಪಾನ್ ಟೂರ್‌ನಲ್ಲಿ ಕ್ಯಾಸಿಯೊ ವರ್ಲ್ಡ್ ಓಪನ್ ಗೆದ್ದರು. ಆಗ ವಯಸ್ಸು 45. ಇಪ್ಪತ್ತರ ಆಸುಪಾಸಿನಲ್ಲಿ ಮೀನು ಕಾರ್ಖಾನೆಯ ಕೆಲಸದಲ್ಲಿ ಹೆಬ್ಬೆರಳಿನ ತುದಿ ಕಳೆದುಕೊಂಡವರು. ಗಾಲ್ಫ್ ಕೋರ್ಸ್ ಒಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಇಪ್ಪತ್ತೈದು ದಾಟಿದ ವಯಸ್ಸಲ್ಲಿ, ಪತ್ರಿಕೆಗಳನ್ನ ನೋಡಿಕೊಂಡು ತಾವೇ ಆಟ ಕಲಿತವರು. ವಯಸ್ಸಾಗ್ತಾ ಚೆಂಡು ದೂರ ಹೋಗ್ತಿಲ್ಲ ಅನ್ನಿಸಿದಾಗ, ಮೈಯಲ್ಲಿರೋ ಅಷ್ಟೂ ಬಲವನ್ನ ಒಟ್ಟು ಸೇರಿಸೋಕೆ ಅವರು ಹುಡುಕಿಕೊಂಡ ದಾರಿ ಈ ಕುಣಿತ.

2019ರಲ್ಲಿ ಅಮೆರಿಕದ ಪಿಜಿಎ ಟೂರ್ ಅವರನ್ನ ಪೆಬಲ್ ಬೀಚ್ ಟೂರ್ನಿಗೆ ಕರೆಸಿತು. ಅಲ್ಲಿ ಕಟ್ ದಾಟಲಿಲ್ಲ, ಅಂದರೆ ಕೊನೆಯ ದಿನ ಆಡುವ ಅರ್ಹತೆ ಸಿಗಲಿಲ್ಲ. 'ಸರ್ಕಸ್ ಮುಗೀತು' ಅಂದವರು ಆವತ್ತೂ ಇದ್ದರು. ಆದರೆ ಅದೇ ವರ್ಷ ಜಪಾನ್‌ನಲ್ಲಿ ಅವರು ಇನ್ನೊಂದು ಟೂರ್ನಿ ಗೆದ್ದರು.

ಹಾಗಾದರೆ ಪ್ರಶ್ನೆ ಇದು. ಪಾಠಪುಸ್ತಕದ ಹಾಗೆ ಇಲ್ಲದ ಸ್ವಿಂಗ್ ಇಟ್ಟುಕೊಂಡು ವೃತ್ತಿಪರ ಗಾಲ್ಫ್‌ನಲ್ಲಿ ಗೆಲ್ಲೋಕೆ ಆಗುತ್ತಾ? ಗೆದ್ದವರ ಪಟ್ಟಿ ಕೊಟ್ಟು 'ಆಗುತ್ತೆ' ಅಂದುಬಿಡೋದು ಸುಲಭ. ನನಗೆ ಕುತೂಹಲ ಇರೋದು ಅದು ಹೇಗೆ ಆಗುತ್ತೆ, ಅದಕ್ಕೆ ಯಾರು ಏನು ಬೆಲೆ ಕೊಡ್ತಾರೆ ಅನ್ನೋದರಲ್ಲಿ.

ಕ್ರಿಕೆಟ್ ಲೆಕ್ಕ ಇಲ್ಲಿ ನಡೆಯಲ್ಲ

ನಾವೆಲ್ಲ ಕ್ರಿಕೆಟ್ ನೋಡ್ಕೊಂಡು ಬೆಳೆದವರು. ವಿಚಿತ್ರ ಶೈಲಿ ಅಂದ ಕೂಡಲೇ ನೆನಪಾಗೋದು ಬುಮ್ರಾ, ಮಾಲಿಂಗ. ನಮ್ಮ ಅಪ್ಪಂದಿರಿಗೆ ನೆನಪಾಗೋದು ಮೈಸೂರಿನ ಬಿ.ಎಸ್. ಚಂದ್ರಶೇಖರ್. ಪೋಲಿಯೊದಿಂದ ಸೊರಗಿದ ಬಲಗೈಯನ್ನೇ ಚಾವಟಿ ಮಾಡಿಕೊಂಡು 58 ಟೆಸ್ಟ್‌ಗಳಲ್ಲಿ 242 ವಿಕೆಟ್ ತೆಗೆದವರು. 1971ರಲ್ಲಿ ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್ ಕಿತ್ತು, ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟ ದಾಳಿ ಅದು.

ಆದರೆ ಕ್ರಿಕೆಟ್‌ನಲ್ಲಿ ವಿಚಿತ್ರ ಶೈಲಿಗೆ ಒಂದು ಬೋನಸ್ ಇದೆ. ಎದುರಿಗೆ ಒಬ್ಬ ಬ್ಯಾಟ್ಸ್‌ಮನ್ ನಿಂತಿರ್ತಾನೆ. ಅವನು ಸಾವಿರಾರು ಚೆಂಡು ಎದುರಿಸಿ ಒಂದು ಮಾದರಿಗೆ ಕಣ್ಣು ಪಳಗಿಸಿಕೊಂಡಿರ್ತಾನೆ. ಬೇರೆ ಕೋನದಿಂದ, ಬೇರೆ ಲಯದಲ್ಲಿ ಚೆಂಡು ಬಂದರೆ ಅವನ ಕಣ್ಣು ಅರೆಕ್ಷಣ ತಡವರಿಸುತ್ತೆ. ವಿಕೆಟ್ ಬೀಳೋದು ಆ ಅರೆಕ್ಷಣದಲ್ಲಿ.

ಗಾಲ್ಫ್‌ನಲ್ಲಿ ಆ ಬೋನಸ್ ಸೊನ್ನೆ. ಚೆಂಡು ಹುಲ್ಲಿನ ಮೇಲೆ ಸುಮ್ಮನೆ ಕೂತಿರುತ್ತೆ. ಅದಕ್ಕೆ ಕಣ್ಣಿಲ್ಲ. ನೀವು ಕುಣಿದರೂ ಅದು ಬೆದರಲ್ಲ, ಶಾಸ್ತ್ರೋಕ್ತವಾಗಿ ನಿಂತರೂ ಮೆಚ್ಚಲ್ಲ. ಎದುರಾಳಿ ನಿಮ್ಮ ಚೆಂಡನ್ನ ಮುಟ್ಟೋದೂ ಇಲ್ಲ. ಹಾಗಾಗಿ ಗಾಲ್ಫ್‌ನಲ್ಲಿ ಯಾರೂ ವಿಚಿತ್ರವಾಗಿರೋ 'ಕಾರಣಕ್ಕೆ' ಗೆಲ್ಲೋಕೆ ಆಗಲ್ಲ. ವಿಚಿತ್ರವಾಗಿದ್ದೂ ಗೆಲ್ಲಬೇಕು. ಈ ವ್ಯತ್ಯಾಸ ತಲೆಯಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತೆ.

ಅರ್ಧ ಮಿಲಿಸೆಕೆಂಡಿನ ಕಥೆ

ಟೂರ್ ಆಟಗಾರರ ಡ್ರೈವರ್‌ನ ತಲೆ ಗಂಟೆಗೆ ಸುಮಾರು 115 ಮೈಲಿ ವೇಗದಲ್ಲಿ ಬರುತ್ತೆ. ನಮ್ಮ ಲೆಕ್ಕದಲ್ಲಿ ಸುಮಾರು 185 ಕಿಲೋಮೀಟರ್. ಆ ಕ್ಲಬ್ಬಿನ ಮುಖ ಚೆಂಡಿಗೆ ಅಂಟಿಕೊಂಡಿರೋದು ಹೆಚ್ಚೂಕಡಿಮೆ ಅರ್ಧ ಮಿಲಿಸೆಕೆಂಡ್. ಅಂದರೆ ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು.

ಚೆಂಡಿಗೆ ನಿಮ್ಮ ಬಗ್ಗೆ ಗೊತ್ತಾಗೋದೆಲ್ಲ ಅಷ್ಟರೊಳಗೆ. ಐದು ವಿಷಯ ಮಾತ್ರ: ಕ್ಲಬ್ಬಿನ ವೇಗ ಎಷ್ಟು, ಅದರ ಮುಖ ಯಾವ ಕಡೆ ತಿರುಗಿದೆ, ಅದು ಸಾಗ್ತಿರೋ ದಾರಿ ಎತ್ತ, ಮೇಲಿಂದ ಕೆಳಗೆ ಬರ್ತಿದೆಯೋ ಕೆಳಗಿಂದ ಮೇಲೆ ಹೋಗ್ತಿದೆಯೋ, ಮುಖದ ಯಾವ ಜಾಗಕ್ಕೆ ಚೆಂಡು ತಗುಲಿತು. ಮೊಣಕೈ ಎಲ್ಲಿತ್ತು, ಹಿಮ್ಮಡಿ ಎದ್ದಿತ್ತಾ, ಮುಖ ಹೇಗೆ ಮಾಡಿದಿರಿ, ಇದ್ಯಾವುದೂ ಅದರ ಲೆಕ್ಕಕ್ಕಿಲ್ಲ.

ಈ ಐದರಲ್ಲಿ ತಪ್ಪಿಗೆ ಇರೋ ಜಾಗ ತೀರಾ ಕಮ್ಮಿ. ಚೆಂಡು ಗುರಿಯಿಂದ 1 ಡಿಗ್ರಿ ಪಕ್ಕಕ್ಕೆ ಹೊರಟರೆ 250 ಗಜ ದೂರದಲ್ಲಿ ಅದು ನಾಲ್ಕು ಗಜಕ್ಕೂ ಹೆಚ್ಚು ಪಕ್ಕಕ್ಕೆ ಬೀಳುತ್ತೆ. ಗಾಳಿಯಲ್ಲಿ ತಿರುಗೋದು ಬೇರೆ ಲೆಕ್ಕ. ಟ್ರ್ಯಾಕ್‌ಮನ್ ಥರದ ರಾಡಾರ್ ಯಂತ್ರಗಳು ಬಂದ ಮೇಲೆ ಇನ್ನೊಂದು ಸಂಗತಿ ಸ್ಪಷ್ಟವಾಯಿತು. ಚೆಂಡು ಹೊರಡೋ ದಿಕ್ಕನ್ನ ಹೆಚ್ಚಾಗಿ ತೀರ್ಮಾನಿಸೋದು ಕ್ಲಬ್ಬಿನ ಮುಖ, ಅದು ಬೀಸಿ ಬಂದ ದಾರಿಯಲ್ಲ. ಎಷ್ಟೋ ಹಳೆಯ ಪಾಠಗಳು ಇದನ್ನ ತಿರುವುಮುರುವಾಗಿ ಹೇಳಿಕೊಟ್ಟಿದ್ದವು. ಶಾಸ್ತ್ರ ಅಂತ ಕಲಿಸಿದ್ದರಲ್ಲೂ ತಪ್ಪಿತ್ತು ಅಂತಾಯ್ತು.

ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದರೆ, ಇಂಪ್ಯಾಕ್ಟ್ ಅನ್ನೋದು ಇಂಟರ್‌ಫೇಸ್, ಸ್ವಿಂಗ್ ಅನ್ನೋದು ಇಂಪ್ಲಿಮೆಂಟೇಶನ್. ಚೆಂಡು ನಿಮ್ಮ ಎಪಿಐ ಕರೆಯೋ ಕ್ಲೈಂಟ್. ಅದಕ್ಕೆ ಬೇಕಿರೋದು ಸರಿಯಾದ ರೆಸ್ಪಾನ್ಸ್. ಒಳಗೆ ನೀವು ಚೆಂದದ ಕೋಡ್ ಬರೆದಿದ್ದೀರೋ, ಇಪ್ಪತ್ತು ಇಫ್-ಎಲ್ಸ್ ಜೋಡಿಸಿದ್ದೀರೋ, ಅದು ಕೇಳಲ್ಲ.

ಗಾಲ್ಫ್‌ನ ನಿಯಮ ಪುಸ್ತಕವೂ ಹೀಗೇ. ಚೆಂಡನ್ನ ಕ್ಲಬ್ಬಿನ ತಲೆಯಿಂದ ಹೊಡೀಬೇಕು, ತಳ್ಳಬಾರದು, ಎಳೀಬಾರದು, ಎತ್ತಿ ಹಾಕಬಾರದು ಅನ್ನುತ್ತೆ. ಕಾಲಿನ ಮಧ್ಯೆ ಚೆಂಡಿಟ್ಟುಕೊಂಡು ಸ್ಯಾಮ್ ಸ್ನೀಡ್ ಪಟ್ ಮಾಡ್ತಿದ್ದ ರೀತಿಯನ್ನ 1968ರಲ್ಲಿ ನಿಲ್ಲಿಸಿದರು. ಉದ್ದನೆಯ ಪಟರನ್ನ ಎದೆಗೋ ಹೊಟ್ಟೆಗೋ ಒತ್ತಿ ಹಿಡಿಯೋದನ್ನ 2016ರಿಂದ ನಿಷೇಧಿಸಿದರು. ಎರಡೂ ಪಟ್ಟಿಂಗ್‌ಗೆ ಸಂಬಂಧಿಸಿದ ಗಲಾಟೆಗಳು. ಫುಲ್ ಸ್ವಿಂಗ್ ಹೀಗೇ ಇರಬೇಕು ಅಂತ ನಿಯಮ ಎಲ್ಲೂ ಹೇಳಿಲ್ಲ. ಸ್ಕೋರ್‌ಕಾರ್ಡ್‌ನಲ್ಲಿ ಚಿತ್ರ ಬರೆಯೋಕೆ ಜಾಗ ಇಲ್ಲ ಅನ್ನೋದು ಆ ಆಟದವರ ಹಳೇ ಮಾತು.

ಮರದಿಂದ ಬಿದ್ದ ಆಕ್ಟೋಪಸ್

ಈಗ ಜಿಮ್ ಫ್ಯೂರಿಕ್ ಅವರನ್ನ ನೋಡೋಣ. ಅವರ ಸ್ವಿಂಗ್ ನೋಡಿದರೆ ಮರದಿಂದ ಆಕ್ಟೋಪಸ್ ಬೀಳ್ತಿರೋ ಹಾಗಿದೆ ಅಂತ ಕಾಮೆಂಟೇಟರ್ ಡೇವಿಡ್ ಫೆಹರ್ಟಿ ತಮಾಷೆ ಮಾಡಿದ್ದು ಗಾಲ್ಫ್ ಲೋಕದಲ್ಲಿ ಮನೆಮಾತು. ಕ್ಲಬ್ಬನ್ನ ನೆಟ್ಟಗೆ ಮೇಲಕ್ಕೆ, ಮೈಯಿಂದ ದೂರಕ್ಕೆ ಎತ್ತುತ್ತಾರೆ. ಮೇಲೆ ಹೋದ ಮೇಲೆ ಒಂದು ಕುಣಿಕೆ ಹಾಕಿದ ಹಾಗೆ ಅದನ್ನ ಬೆನ್ನ ಹಿಂದಕ್ಕೆ ಬೀಳಿಸಿ, ಅಲ್ಲಿಂದ ಕೆಳಗೆ ತರ್ತಾರೆ. ಯಾವ ಅಕಾಡೆಮಿಯಲ್ಲೂ ಹೀಗೆ ಹೇಳಿಕೊಡಲ್ಲ.

ಆದರೆ ವಿಡಿಯೊವನ್ನ ಚೆಂಡಿಗೆ ಕ್ಲಬ್ಬು ತಾಗೋ ಹೊತ್ತಿಗೆ ನಿಲ್ಲಿಸಿ ನೋಡಿ. ಸೊಂಟ ಗುರಿಯ ಕಡೆ ತಿರುಗಿದೆ, ಕೈಗಳು ಮೈಗೆ ಹತ್ತಿರ, ಕ್ಲಬ್ಬಿನ ಮುಖ ಅಚ್ಚುಕಟ್ಟು. ಆ ಒಂದು ಫ್ರೇಮ್ ಮಾತ್ರ ಕತ್ತರಿಸಿ ಇಟ್ಟರೆ ಪಾಠಪುಸ್ತಕದ ರಕ್ಷಾಪುಟಕ್ಕೆ ಹಾಕಬಹುದು. ಮೇಲೆ ಹೋಗುವಾಗಿನ ಸೊಟ್ಟವನ್ನ ಕೆಳಗೆ ಬರುವಾಗಿನ ಕುಣಿಕೆ ಸರಿಮಾಡಿರುತ್ತೆ.

ಫಲಿತಾಂಶ? ಪಿಜಿಎ ಟೂರ್‌ನಲ್ಲಿ 17 ಗೆಲುವು, 2003ರ ಯುಎಸ್ ಓಪನ್, 2010ರ ಫೆಡ್‌ಎಕ್ಸ್ ಕಪ್, 7 ಕೋಟಿ ಡಾಲರ್‌ಗೂ ಹೆಚ್ಚು ಬಹುಮಾನದ ಹಣ. 2013ರಲ್ಲಿ ಒಂದು ಸುತ್ತಿನಲ್ಲಿ 59 ಹೊಡೆದರು. 2016ರ ಟ್ರಾವೆಲರ್ಸ್ ಟೂರ್ನಿಯ ಕೊನೆಯ ದಿನ 58 ಹೊಡೆದು, ಪಿಜಿಎ ಟೂರ್‌ನಲ್ಲಿ ಆ ಅಂಕ ಮುಟ್ಟಿದ ಮೊದಲಿಗರಾದರು. ಗಾಲ್ಫ್ ಗೊತ್ತಿಲ್ಲದವರಿಗೆ ಒಂದು ಮಾತು: ಇಲ್ಲಿ ಕಡಿಮೆ ಹೊಡೆದವನೇ ರಾಜ. ಆವತ್ತಿನ ಕೋರ್ಸ್‌ಗೆ ನಿಗದಿಯಾದ ಲೆಕ್ಕ 70. ಅದಕ್ಕಿಂತ ಹನ್ನೆರಡು ಕಮ್ಮಿ.

ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸೋದು ಫ್ಯೂರಿಕ್‌ಗಿಂತ ಅವರ ಅಪ್ಪ. ಮೈಕ್ ಫ್ಯೂರಿಕ್ ಸ್ವತಃ ಗಾಲ್ಫ್ ಕಲಿಸೋ ವೃತ್ತಿಯವರು. ಮಗನಿಗೆ ಚಿಕ್ಕಂದಿನಿಂದ ಕೋಚ್ ಅವರೇ. ಶಾಸ್ತ್ರ ಗೊತ್ತಿಲ್ಲದ ಅಪ್ಪ ಮಗನನ್ನ ಬಿಟ್ಟುಬಿಟ್ಟರು ಅಂತಲ್ಲ. ಶಾಸ್ತ್ರ ಚೆನ್ನಾಗಿ ಗೊತ್ತಿದ್ದವರು, ನೋಡಿ, ಆ ಕುಣಿಕೆಯನ್ನ ಬಿಚ್ಚದೆ ಇರೋಕೆ ತೀರ್ಮಾನ ಮಾಡಿದರು. ಬಿಚ್ಚೋದಕ್ಕಿಂತ ಅದು ಕಷ್ಟದ ಕೆಲಸ.

ಲೀ ಟ್ರೆವಿನೊ ಅವರದು ಇನ್ನೊಂದು ಬಗೆ. ಡಲ್ಲಾಸ್‌ನ ಬಡ ಮನೆಯ ಹುಡುಗ, ಕ್ಯಾಡಿಯಾಗಿದ್ದವರು, ಆಟ ತಾವಾಗೇ ಕಲಿತದ್ದು. ಗುರಿಗಿಂತ ಎಡಕ್ಕೆ ಮೈ ತಿರುಗಿಸಿ ನಿಲ್ತಿದ್ದರು. ಆಮೇಲೆ ಕ್ಲಬ್ಬನ್ನ ಬಲಕ್ಕೆ ತಳ್ಳಿದ ಹಾಗೆ ಬೀಸ್ತಿದ್ದರು. ಎಡಕ್ಕೆ ಹೋಗೋ ತಪ್ಪು, ಬಲಕ್ಕೆ ಹೋಗೋ ತಪ್ಪು, ಎರಡೂ ಒಂದನ್ನೊಂದು ತಿಂದುಹಾಕಿ ಚೆಂಡು ಮೆಲ್ಲಗೆ ಬಾಗಿ ಗುರಿಗೆ ಬೀಳ್ತಿತ್ತು. ಆರು ಮೇಜರ್ ಪ್ರಶಸ್ತಿ. 1971ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ಅಮೆರಿಕ, ಕೆನಡಾ, ಬ್ರಿಟನ್ ಮೂರೂ ದೇಶದ ಓಪನ್‌ಗಳು. ಅದರಲ್ಲಿ ಯುಎಸ್ ಓಪನ್ ಗೆದ್ದದ್ದು ಪ್ಲೇಆಫ್‌ನಲ್ಲಿ ಜ್ಯಾಕ್ ನಿಕ್ಲಾಸ್ ಅವರನ್ನೇ ಸೋಲಿಸಿ. ಅಂದಹಾಗೆ, ನಿಕ್ಲಾಸ್ ಎಳೆಯರಿದ್ದಾಗ ಅವರ ಬಲ ಮೊಣಕೈ ಮೈಬಿಟ್ಟು ಹಾರುತ್ತೆ ಅಂತ ಪಂಡಿತರು ಮೂಗು ಮುರೀತಿದ್ದರು. 18 ಮೇಜರ್ ಆದ ಮೇಲೆ ಅದೇ ಮೊಣಕೈ ಬಗ್ಗೆ ದೂರು ಹೇಳೋರು ಕಮ್ಮಿಯಾದರು.

ಒಂದು ಬಗ್ ತೆಗೆದರೆ

ಎರಡು ತಪ್ಪು ಸೇರಿ ಒಂದು ಸರಿ ಆಗಿರೋ ಕೋಡ್ ನೀವು ನೋಡಿರ್ತೀರಿ. ಒಂದು ಫಂಕ್ಷನ್ ಲೆಕ್ಕದಲ್ಲಿ ಒಂದು ಜಾಸ್ತಿ ಕೊಡುತ್ತೆ, ಅದನ್ನ ಕರೆಯೋ ಇನ್ನೊಂದು ಒಂದು ಕಮ್ಮಿ ಮಾಡಿಕೊಳ್ಳುತ್ತೆ. ವರ್ಷಗಟ್ಟಲೆ ಪ್ರೊಡಕ್ಷನ್‌ನಲ್ಲಿ ತೊಂದರೆ ಇಲ್ಲದೆ ಓಡ್ತಿರುತ್ತೆ. ಹೊಸದಾಗಿ ಸೇರಿದ ಉತ್ಸಾಹಿ ಹುಡುಗ ಮೊದಲನೇ ತಪ್ಪನ್ನ ಕಂಡು ಸರಿಮಾಡ್ತಾನೆ. ರಾತ್ರಿ ಹನ್ನೊಂದಕ್ಕೆ ಎಲ್ಲರ ಫೋನೂ ಹೊಡ್ಕೊಳ್ಳೋಕೆ ಶುರು.

ವಿಚಿತ್ರ ಸ್ವಿಂಗ್ ಇರೋರಿಗೆ ದೊಡ್ಡ ಅಪಾಯ ಇದೇ. ಫ್ಯೂರಿಕ್ ಅವರ ಬ್ಯಾಕ್‌ಸ್ವಿಂಗ್ ಮಾತ್ರ ನೇರ ಮಾಡಿ ಕುಣಿಕೆಯನ್ನ ಹಾಗೇ ಬಿಟ್ಟಿದ್ದರೆ ಚೆಂಡು ಎತ್ತ ಹೋಗ್ತಿತ್ತೋ. ಭಾಗಗಳು ಒಂದಕ್ಕೊಂದು ಆತುಕೊಂಡಿರ್ತವೆ. ತಿದ್ದೋದಾದರೆ ಎಲ್ಲವನ್ನೂ ತಿದ್ದಬೇಕು, ಇಲ್ಲ ಅಂದರೆ ಮುಟ್ಟಬಾರದು.

ಎಲ್ಲವನ್ನೂ ತಿದ್ದಿ ಗೆದ್ದವರೂ ಇದ್ದಾರೆ. ಇಂಗ್ಲೆಂಡಿನ ನಿಕ್ ಫಾಲ್ಡೊ ಎಂಬತ್ತರ ದಶಕದ ನಡುವಿನಲ್ಲಿ ಡೇವಿಡ್ ಲೆಡ್‌ಬೆಟರ್ ಬಳಿ ಹೋಗಿ, ನೋಡೋಕೆ ಚೆಂದವೇ ಇದ್ದ ತಮ್ಮ ಸ್ವಿಂಗನ್ನ ಬುಡಸಮೇತ ಬಿಚ್ಚಿ ಕಟ್ಟಿದರು. ನಡುವೆ ಗೆಲುವಿಲ್ಲದ ಬರಗಾಲ. ಆಮೇಲೆ 1987ರ ಓಪನ್‌ನ ಕೊನೆಯ ದಿನ 18 ಹೋಲ್‌ಗಳಲ್ಲಿ 18 ಪಾರ್ ಮಾಡಿ ಗೆದ್ದರು. ಒಟ್ಟು ಆರು ಮೇಜರ್.

ಎದುರು ದಿಕ್ಕಿನ ಕಥೆ ರಾಲ್ಫ್ ಗುಲ್ಡಾಲ್ ಅವರದು. 1937 ಮತ್ತು 1938ರ ಯುಎಸ್ ಓಪನ್, 1939ರ ಮಾಸ್ಟರ್ಸ್ ಗೆದ್ದವರು. ಆಮೇಲೆ ಗಾಲ್ಫ್ ಕಲಿಸೋ ಪುಸ್ತಕ ಬರೆಯೋಕೆ ಕೂತರು. ತಮ್ಮ ಸ್ವಿಂಗ್ ಹೇಗೆ ನಡೆಯುತ್ತೆ ಅಂತ ಮೊದಲ ಸಲ ಬಿಡಿಸಿ ನೋಡ್ತಾ ನೋಡ್ತಾ ಅದನ್ನೇ ಕಳೆದುಕೊಂಡರು ಅಂತ ಗಾಲ್ಫ್ ಲೋಕದ ಐತಿಹ್ಯ. ಕಾರಣ ಪುಸ್ತಕವೇ ಆಗಿರಲಿ, ಬೇರೆಯೇ ಇರಲಿ, 1940ರ ನಂತರ ಅವರು ಟೂರ್‌ನಲ್ಲಿ ಗೆಲ್ಲಲಿಲ್ಲ ಅನ್ನೋದು ದಾಖಲೆ.

ಬೇಕಂತಲೇ ವಿಚಿತ್ರ

ಫ್ಯೂರಿಕ್, ಟ್ರೆವಿನೊ ಥರದವರು ತಾನಾಗಿ ಬಂದದ್ದನ್ನ ಉಳಿಸಿಕೊಂಡವರು. ಬ್ರೈಸನ್ ಡಿಷಾಂಬೊ ಹಾಗಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ ಹುಡುಗ. ಸಾಮಾನ್ಯವಾಗಿ ಗಾಲ್ಫ್ ಸೆಟ್‌ನಲ್ಲಿ ಒಂದೊಂದು ಐರನ್ ಕ್ಲಬ್ಬಿಗೂ ಸುಮಾರು ಅರ್ಧ ಇಂಚು ಉದ್ದ ವ್ಯತ್ಯಾಸ. ಹಾಗಾಗಿ ಪ್ರತಿಯೊಂದಕ್ಕೂ ಒಂಚೂರು ಬೇರೆ ನಿಲುವು, ಒಂಚೂರು ಬೇರೆ ಸ್ವಿಂಗ್. ಡಿಷಾಂಬೊ ತಮ್ಮ ಐರನ್‌ಗಳನ್ನೆಲ್ಲ ಒಂದೇ ಉದ್ದಕ್ಕೆ, ಸುಮಾರು ಏಳನೇ ನಂಬರಿನ ಕ್ಲಬ್ಬಿನ ಅಳತೆಗೆ, ಮಾಡಿಸಿಕೊಂಡರು. ತೋಳನ್ನ ಬಿಗಿಯಾಗಿ ಚಾಚಿ, ಒಂದೇ ಸಮತಲದಲ್ಲಿ ಬೀಸೋದು. ನೋಡೋಕೆ ರೋಬೋ. ಆದರೆ ಉದ್ದೇಶ ಸರಳ: ವೇರಿಯೆಬಲ್‌ಗಳನ್ನ ಕಮ್ಮಿ ಮಾಡು.

2020ರ ಸೆಪ್ಟೆಂಬರ್. ನ್ಯೂಯಾರ್ಕ್ ಬಳಿಯ ವಿಂಗ್ಡ್ ಫುಟ್‌ನಲ್ಲಿ ಯುಎಸ್ ಓಪನ್. ಕಿರಿದಾದ ಫೇರ್‌ವೇ, ಪಾದ ಮುಳುಗೋ ಹುಲ್ಲು, ಅಮೆರಿಕದ ಕಠಿಣ ಕೋರ್ಸ್‌ಗಳಲ್ಲಿ ಒಂದು. ಕೊನೆಯ ದಿನ ಕೊನೆಯ ಜೋಡಿಯಾಗಿ ಹೊರಟವರು ಯಾರು? ಮುನ್ನಡೆಯಲ್ಲಿದ್ದದ್ದು ಮ್ಯಾಥ್ಯೂ ವುಲ್ಫ್, ಹಿಂದೆಯೇ ಡಿಷಾಂಬೊ. ವುಲ್ಫ್ ಹೊಡೆಯೋ ಮುಂಚೆ ಸೊಂಟವನ್ನ ಒಮ್ಮೆ ಜರ್ಕ್ ಕೊಟ್ಟು, ಹಿಮ್ಮಡಿ ಎತ್ತಿ, ಕ್ಲಬ್ಬನ್ನ ನೆಟ್ಟಗೆ ಆಕಾಶಕ್ಕೆ ಎತ್ತಿ ಕುಣಿಕೆ ಹಾಕೋ ಹುಡುಗ. ಹಿಂದಿನ ವರ್ಷ ವೃತ್ತಿಪರನಾಗಿ ಮೂರನೇ ಟೂರ್ನಿಯಲ್ಲೇ, ಕೊನೆಯ ಹೋಲ್‌ನಲ್ಲಿ ಈಗಲ್ ಹೊಡೆದು 3ಎಂ ಓಪನ್ ಗೆದ್ದಿದ್ದ. ಅಷ್ಟು ಕಠಿಣ ಪರೀಕ್ಷೆಯ ಅಂತಿಮ ಸುತ್ತಿನಲ್ಲಿ ಎದುರುಬದುರಾದ ಇಬ್ಬರ ಸ್ವಿಂಗೂ ಸಿಲಬಸ್ಸಿನಲ್ಲಿ ಇಲ್ಲದ್ದು. ಡಿಷಾಂಬೊ ಆರು ಹೊಡೆತಗಳ ಅಂತರದಿಂದ ಗೆದ್ದರು. ಪಾರ್‌ಗಿಂತ ಕಡಿಮೆ ಹೊಡೆದದ್ದು ಅವರೊಬ್ಬರೇ. 2024ರಲ್ಲಿ ಪೈನ್‌ಹರ್ಸ್ಟ್‌ನಲ್ಲಿ ಮತ್ತೊಮ್ಮೆ ಗೆದ್ದು, ಅದು ಒಂದು ದಿನದ ಅದೃಷ್ಟ ಅಲ್ಲ ಅಂತ ತೋರಿಸಿದರು.

ವುಲ್ಫ್ ದಾರಿ ಬೇರೆಯಾಯಿತು. 2021ರಲ್ಲಿ ಸುಮಾರು ಎರಡು ತಿಂಗಳು ಆಟದಿಂದ ದೂರ ಉಳಿದು, ಮನಸ್ಸಿನ ಆರೋಗ್ಯದ ಬಗ್ಗೆ ಬಾಯಿಬಿಟ್ಟು ಮಾತಾಡಿದರು. ಅದಕ್ಕೂ ಸ್ವಿಂಗಿಗೂ ಗಂಟು ಹಾಕೋದು ನ್ಯಾಯ ಅಲ್ಲ. ಆದರೆ ಒಂದಂತೂ ನಿಜ. ಎಲ್ಲರ ಹಾಗೆ ಆಡುವವನು ಸೋತರೆ 'ಇವತ್ತು ದಿನ ಸರಿ ಇರಲಿಲ್ಲ' ಅಂತಾರೆ. ಬೇರೆ ಥರ ಆಡುವವನು ಸೋತರೆ 'ನಾವು ಆಗಲೇ ಹೇಳಿದ್ವಲ್ಲ' ಅಂತಾರೆ. ಅದೇ ಸೋಲು, ಎರಡು ತೀರ್ಪು.

ಕಾಣದೇ ಹೋದವರು

ಈಗ ಒಂದು ಅಹಿತಕರ ಮಾತು. ಮೇಲಿನ ಹೆಸರುಗಳೆಲ್ಲ ಗೆದ್ದವರದು. ಸೊಟ್ಟ ಸ್ವಿಂಗ್ ಇಟ್ಟುಕೊಂಡು ಸೋತು ಮನೆಗೆ ಹೋದವರ ಹೆಸರು ನಮಗೆ ಗೊತ್ತಾಗೋದೇ ಇಲ್ಲ. ನೇರ ಸ್ವಿಂಗ್ ಇಟ್ಟುಕೊಂಡು ಸೋತವರದೂ ಗೊತ್ತಾಗಲ್ಲ. ಹಾಗಾಗಿ ಫ್ಯೂರಿಕ್ ಗೆದ್ದರು ಅನ್ನೋದರಿಂದ 'ಹೇಗೆ ಬೀಸಿದರೂ ನಡೆಯುತ್ತೆ' ಅನ್ನೋ ತೀರ್ಮಾನಕ್ಕೆ ಬರೋಕಾಗಲ್ಲ. ಪಾಠಪುಸ್ತಕದ ದಾರಿ ಹೆಚ್ಚು ಜನರಿಗೆ ಕಮ್ಮಿ ಅಡ್ಡಿಯ ದಾರಿ. ಕಮ್ಮಿ ಭಾಗ ಅಲುಗಾಡಿದರೆ ಕಮ್ಮಿ ಜಾಗದಲ್ಲಿ ತಪ್ಪುತ್ತೆ. ಹಾಗಂತ ಅದೂ ಗ್ಯಾರಂಟಿ ಕಾರ್ಡ್ ಅಲ್ಲ. ಮಾದರಿ ಅಂತ ಎಲ್ಲರೂ ಹೊಗಳಿದ ಸ್ವಿಂಗ್ ಟೈಗರ್ ವುಡ್ಸ್ ಅವರದು. ಅವರ ಬೆನ್ನಿಗೆ ಎಷ್ಟು ಸಲ ಶಸ್ತ್ರಚಿಕಿತ್ಸೆ ಆಗಿದೆ ನೋಡಿ.

ಇನ್ನೊಂದು ಬಗೆಯ ಕಾಣದವರು ಇದ್ದಾರೆ. ಚೆಂಡು ಸರಿಯಾಗೇ ಹೋಗ್ತಿದ್ದರೂ ಸುತ್ತಲಿನವರು ತಡೆದುಕೊಳ್ಳಲಾರದೆ ಹೊರಗಾದವರು. ಕೆನಡಾದ ಮೊ ನಾರ್ಮನ್ ಅಂಥವರು. ಕಾಲು ಅಗಲಿಸಿ, ತೋಳನ್ನ ಕೋಲಿನ ಹಾಗೆ ಚಾಚಿ, ಕ್ಲಬ್ಬನ್ನ ಚೆಂಡಿನಿಂದ ಬಹಳ ಹಿಂದೆ ಇಟ್ಟು ಶುರು ಮಾಡೋರು. ಚೆಂಡು ದಾರ ಹಿಡಿದ ಹಾಗೆ ನೇರ. 1955, 1956ರಲ್ಲಿ ಸತತ ಎರಡು ಸಲ ಕೆನಡಾದ ಅಮೆಚೂರ್ ಪ್ರಶಸ್ತಿ. ಆದರೆ ಸಂಕೋಚದ ಸ್ವಭಾವ, ಹೊಂದದ ಬಟ್ಟೆ, ಸೊಟ್ಟ ಹಲ್ಲು, ವಿಚಿತ್ರ ಮಾತುಕತೆ. ಅಮೆರಿಕದ ಟೂರ್‌ನ ನಾಜೂಕಿಗೆ ಅವರು ಹೊಂದಲಿಲ್ಲ, ಬೇಗ ಮನೆಗೆ ಮರಳಿದರು. ಕೆನಡಾದ ಗಾಲ್ಫ್ ಹಾಲ್ ಆಫ್ ಫೇಮ್‌ಗೆ ಸೇರಿದ್ದು 1995ರಲ್ಲಿ, ಅರವತ್ತು ದಾಟಿದ ಮೇಲೆ. ನೇರವಾಗಿ ಹೊಡೆಯೋ ಮಾತು ಬಂದರೆ ಇವತ್ತಿಗೂ ಕೋಚ್‌ಗಳು ಅವರ ಹೆಸರು ಎತ್ತುತ್ತಾರೆ. ಚೆಂಡಿಗೆ ಕಣ್ಣಿಲ್ಲ ನಿಜ, ಆದರೆ ಕ್ಲಬ್‌ಹೌಸಿಗೆ ಇದೆ.

ಇದಕ್ಕೆ ಎದುರಾಗಿ ಇವತ್ತಿನ ಸ್ಕಾಟಿ ಶೆಫ್ಲರ್ ಇದ್ದಾರೆ. ಹೊಡೆಯುವಾಗ ಅವರ ಬಲಗಾಲು ಎಣ್ಣೆ ಚೆಲ್ಲಿದ ನೆಲದ ಮೇಲಿದ್ದ ಹಾಗೆ ಜಾರುತ್ತೆ. ನೋಡಿದವರಿಗೆ ಬಿದ್ದೇಬಿಟ್ಟರು ಅನ್ನಿಸುತ್ತೆ. ಬಾಲ್ಯದಿಂದ ಕಲಿಸಿದ ರ‍್ಯಾಂಡಿ ಸ್ಮಿತ್ ಆ ಜಾರುವ ಕಾಲನ್ನ ಮೊಳೆ ಹೊಡೆದು ನಿಲ್ಲಿಸೋಕೆ ಹೋಗಲಿಲ್ಲ. 2024ರಲ್ಲಿ ಒಂದೇ ವರ್ಷ ಪಿಜಿಎ ಟೂರ್‌ನಲ್ಲಿ 7 ಗೆಲುವು, ಜೊತೆಗೆ ಪ್ಯಾರಿಸ್ ಒಲಿಂಪಿಕ್ಸ್ ಚಿನ್ನ. ಇವತ್ತು ಎಷ್ಟೋ ಹುಡುಗರು ಬೇಕಂತಲೇ ಕಾಲು ಜಾರಿಸಿ ನೋಡ್ತಿರಬಹುದು. ಅದರಿಂದೇನೂ ಸಿಗಲ್ಲ. ಶೆಫ್ಲರ್ ಅವರ ಕಾಲು ಜಾರೋದು ಅವರ ಮೈ ತಿರುಗೋ ವೇಗದ ಪರಿಣಾಮ. ಪರಿಣಾಮವನ್ನ ನಕಲು ಮಾಡಿದರೆ ಕಾರಣ ಕೈಗೆ ಸಿಗಲ್ಲ.

ನಮ್ಮೂರಿನ ಹುಲ್ಲು

ಬೆಂಗಳೂರಿನಲ್ಲಿ ದೊಮ್ಮಲೂರಿನ ಕಡೆ ಕೆಲಸ ಮಾಡೋ ನಮ್ಮಂಥವರಿಗೆ ಗಾಲ್ಫ್ ಅಂದರೆ ಹೆಚ್ಚಾಗಿ ಕಿಟಕಿಯಿಂದ ಕಾಣೋ ಹಸಿರು. ಆದರೆ ಕರ್ನಾಟಕ ಗಾಲ್ಫ್ ಅಸೋಸಿಯೇಶನ್‌ನ ಆ ಹುಲ್ಲಿನಲ್ಲೇ ಆಟ ಕಲಿತ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ಪದಕಕ್ಕೂ ಅವರಿಗೂ ಇದ್ದದ್ದು ಒಂದೇ ಹೊಡೆತ. ಅವರ ಸ್ವಿಂಗ್ ವಿಚಿತ್ರವೇನಲ್ಲ. ಆದರೆ ದೂರ ಹೊಡೆಯೋದರಲ್ಲಿ ಅವತ್ತು ಆಡಿದವರ ಪೈಕಿ ಅವರು ತೀರಾ ಕೆಳಗಿನ ಸಾಲಿನಲ್ಲಿದ್ದರು. ಉದ್ದ ಹೊಡೆಯದಿದ್ದರೆ ಈ ಕಾಲದಲ್ಲಿ ಉಳಿಗಾಲವಿಲ್ಲ ಅನ್ನೋ ಮಾತಿಗೆ ಪಟ್ಟಿಂಗ್‌ನಲ್ಲಿ ಉತ್ತರ ಕೊಟ್ಟರು. ಬೆಂಗಳೂರಿನಲ್ಲೇ ಕ್ಯಾಡಿಯಾಗಿ, ಬೇರೆಯವರ ಬ್ಯಾಗ್ ಹೊತ್ತು ಶುರು ಮಾಡಿದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಆಟಕ್ಕೆ ಬಾಗಿಲು ಒಂದೇ ಅಲ್ಲ ಅನ್ನೋಕೆ ದೂರ ಹೋಗಬೇಕಿಲ್ಲ.

ಇತ್ತೀಚೆಗೆ ನಮ್ಮ ಟೀಮಿನವರು ಡ್ರೈವಿಂಗ್ ರೇಂಜ್ ಒಂದಕ್ಕೆ ಹೋಗಿದ್ದೆವು. ಜೊತೆಗಿದ್ದ ಸಹೋದ್ಯೋಗಿ ಒಬ್ಬ ಲೀಗ್ ಕ್ರಿಕೆಟ್ ಆಡಿದವನು. ಕ್ಲಬ್ಬನ್ನ ಪುಲ್ ಶಾಟ್ ಥರ ಬೀಸ್ತಾನೆ. ಹತ್ತರಲ್ಲಿ ಏಳು ಚೆಂಡು ಒಂದೇ ಕಡೆ, ಒಂದೇ ಎತ್ತರದಲ್ಲಿ ಹೋಗ್ತಿದ್ದವು. ಅಲ್ಲಿದ್ದ ತರಬೇತುದಾರರು ಬಂದವರೇ ಅವನ ಮೊಣಕೈ ಹಿಡಿದುಕೊಂಡರು. ಮುಕ್ಕಾಲು ಗಂಟೆ ಮೊಣಕೈ ಪಾಠ. ಚೆಂಡು ಎತ್ತ ಹೋಗ್ತಿದೆ ಅಂತ ಅಷ್ಟು ಹೊತ್ತು ಯಾರೂ ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲ. ಹೊರಡೋ ಹೊತ್ತಿಗೆ ಅವನ ನಿಲುವು ಫೋಟೊಗೆ ಚೆನ್ನಾಗಿತ್ತು, ಚೆಂಡು ಮಾತ್ರ ದಿಕ್ಕಿಗೊಂದು.

ತರಬೇತುದಾರರ ಮೇಲೆ ನನಗೆ ಸಿಟ್ಟಿಲ್ಲ. ಕಣ್ಣಿಗೆ ಕಾಣೋದನ್ನ ತಿದ್ದೋದು ಸುಲಭ. ನಮ್ಮ ಕೋಡ್ ರಿವ್ಯೂಗಳಲ್ಲೂ ಲಾಜಿಕ್ ಬಗ್ಗೆ ಒಂದು ಕಾಮೆಂಟ್ ಬಂದರೆ ಸ್ಪೇಸ್, ಟ್ಯಾಬ್ ಬಗ್ಗೆ ಹತ್ತು ಬರ್ತವೆ.

ಆದರೆ ಇಲ್ಲೇ ಒಬ್ಬರ ಬದುಕು ಅತ್ತಿತ್ತ ಆಗೋದು. ಹನ್ನೆರಡು ವರ್ಷದ ಹುಡುಗಿ ಒಬ್ಬಳು ಅಕಾಡೆಮಿಗೆ ಬರ್ತಾಳೆ ಅಂದುಕೊಳ್ಳಿ. ಸ್ವಿಂಗ್ ಸೊಟ್ಟ, ಸ್ಕೋರ್ ಚೆನ್ನಾಗಿದೆ. ಅವಳ ಸ್ವಿಂಗನ್ನ ಮುಟ್ಟಬೇಕಾ ಬೇಡವಾ ಅಂತ ತೀರ್ಮಾನಿಸುವವರು ಮೂರು ವಿಷಯ ಕೇಳಿಕೊಳ್ಳಲಿ. ಇಂಪ್ಯಾಕ್ಟ್‌ನಲ್ಲಿ ಕ್ಲಬ್ಬು ಸರಿಯಾಗಿ ಬರ್ತಿದೆಯಾ? ನಾಲ್ಕನೇ ದಿನ, ಹದಿನೆಂಟನೇ ಹೋಲ್‌ನಲ್ಲಿ, ಕೈ ನಡುಗೋ ಹೊತ್ತಲ್ಲೂ ಅದೇ ಥರ ಬರುತ್ತಾ? ಅವಳ ಮೈ ಅದನ್ನ ಇಪ್ಪತ್ತು ವರ್ಷ ತಾಳಿಕೊಳ್ಳುತ್ತಾ? ಮೂರಕ್ಕೂ 'ಹೌದು' ಅಂತ ಬಂದರೆ ಅದು ತಪ್ಪು ಸ್ವಿಂಗ್ ಅಲ್ಲ, ಅವಳ ಸ್ವಿಂಗ್. ಒಂದಕ್ಕೆ 'ಇಲ್ಲ' ಅಂತ ಬಂದರೆ, ಅದು ಎಷ್ಟೇ ಚೆಂದ ಇದ್ದರೂ ತಿದ್ದಬೇಕು. ಈ ಮೂರನೇ ಪ್ರಶ್ನೆಗೆ ಕಾಯಬೇಕು, ಗಮನಿಸಬೇಕು, ವೈದ್ಯರನ್ನ ಕೇಳಬೇಕು. ಮೊದಲೆರಡಕ್ಕೆ ಸ್ಕೋರ್‌ಕಾರ್ಡ್ ಮತ್ತು ಒಂದು ಯಂತ್ರ ಸಾಕು.

ಇನ್ನು ಮೂವತ್ತಕ್ಕೆ ಗಾಲ್ಫ್ ಹಿಡಿದ ನಮ್ಮಂಥವರಿಗೆ? ಫ್ಯೂರಿಕ್ ಕುಣಿಕೆಯನ್ನ, ಚೋಯಿ ಕುಣಿತವನ್ನ ನಕಲು ಮಾಡೋಕೆ ಹೋಗಬೇಡಿ. ಅದರ ಹಿಂದೆ ಲಕ್ಷಾಂತರ ಹೊಡೆತಗಳ ಲೆಕ್ಕ ಇದೆ, ಆ ಲೆಕ್ಕ ಅವರವರ ಮೈಗೆ ಬರೆದದ್ದು. ಸಾದಾ ಪಾಠದಿಂದಲೇ ಶುರು ಮಾಡಿ. ನಿಮ್ಮದೇ ಅಂತ ಒಂದು ಸೊಟ್ಟ ಉಳಿದುಕೊಂಡರೆ ಮೊದಲು ಒಂದು ಬುಟ್ಟಿ ಚೆಂಡು ಹೊಡೆದು, ಎಲ್ಲಿ ಬಿದ್ದವು ಅಂತ ಎಣಿಸಿ. ಒಂದೇ ಜಾಗದಲ್ಲಿ ಬೀಳ್ತಿದ್ದರೆ ಯಾರಿಗೂ ಮುಟ್ಟೋಕೆ ಬಿಡಬೇಡಿ.

ಮುಂದಿನ ವಾರ ಸಿಗೋಣ. ಅಷ್ಟರಲ್ಲಿ ಆ ವಿಡಿಯೊ ನೋಡಿ. ಮೊದಲ ಸಲ ನಕ್ಕುಬಿಡಿ, ತೊಂದರೆ ಇಲ್ಲ. ಎರಡನೇ ಸಲ ಮನುಷ್ಯನನ್ನ ಬಿಟ್ಟು ಚೆಂಡನ್ನ ನೋಡಿ.